ತಿಂಗಳಿಗೆ ಹತ್ತು ಸಾವಿರ ದಾಟಿದ್ರೆ ಬಡವರಲ್ವಾ? ಬೆಂಗಳೂರಲ್ಲಿ ಬಿಪಿಎಲ್ ಕಾರ್ಡಿನ ಲೆಕ್ಕ

ನಮ್ಮ ಬೀದಿಲಿ ಗಾರ್ಮೆಂಟ್ಸ್‌ಗೆ ಹೋಗೋ ಅಕ್ಕ ಒಬ್ರಿದ್ದಾರೆ. ಒಂದು ಭಾನುವಾರ ಬೆಳಿಗ್ಗೆ ಕೈಲಿ ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಮನೆಗೆ ಬಂದ್ರು. ಕವರ್ ಒಳಗೆ ಮನೆಯ ನಾಲ್ಕು ಜನದ ಆಧಾರ್ ಜೆರಾಕ್ಸು, ಬಾಡಿಗೆ ಅಗ್ರಿಮೆಂಟು, ಮಡಚಿ ಮಡಚಿ ಮಡಿಕೆ ಹತ್ರ ಹರಿದು ಹೋಗಿರೋ ಹಳೇ ಇನ್ಕಮ್ ಸರ್ಟಿಫಿಕೇಟು, ಅದರ ಕೆಳಗೆ ಫ್ಯಾಕ್ಟರಿಯ ಸಂಬಳದ ಸ್ಲಿಪ್ಪು. ಅವರ ಯಜಮಾನ್ರು ಪೇಂಟಿಂಗ್ ಕೆಲಸದೋರು, ಸಾರ್ವೆ ಮೇಲಿಂದ ಬಿದ್ದು ಕಾಲು ಮುರ್ಕೊಂಡು ಎರಡು ತಿಂಗಳಿಂದ ಮನೇಲಿದ್ದಾರೆ. ಆಸ್ಪತ್ರೆ ಕೌಂಟರಲ್ಲಿ ಮೊದಲ ಪ್ರಶ್ನೆನೇ "ಕಾರ್ಡ್ ಯಾವ್ದು, ಬಿಪಿಎಲ್ಲಾ ಎಪಿಎಲ್ಲಾ" ಅಂತ ಬಂತಂತೆ. ಇವರದ್ದು ಎಪಿಎಲ್. "ಅಣ್ಣ, ಇದ್ರಲ್ಲಿ ಯಾವ ಪೇಪರ್ ಕೊಟ್ರೆ ಬಿಪಿಎಲ್ ಆಗುತ್ತೆ ನೋಡಿ" ಅಂದ್ರು.

ನಾನು ಸಂಬಳದ ಸ್ಲಿಪ್ ನೋಡ್ದೆ. ಪಿಎಫ್, ಇಎಸ್ಐ ಕಳೆದು ಕೈಗೆ ಬರೋದು ಹನ್ನೆರಡು ಸಾವಿರ ಚಿಲ್ಲರೆ. ಅಷ್ಟೇ ಸಾಕು, ಸರ್ಕಾರದ ಲೆಕ್ಕದಲ್ಲಿ ಈ ಅಕ್ಕ ಬಡವರಲ್ಲ.

ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್‌ಗೆ, ಅಂದ್ರೆ ಈಗಿನ ಹೆಸರಲ್ಲಿ ಆದ್ಯತಾ ಕುಟುಂಬದ ಕಾರ್ಡ್‌ಗೆ, ಇಡೀ ಕುಟುಂಬದ ವರ್ಷದ ಆದಾಯ 1.20 ಲಕ್ಷ ರೂಪಾಯಿ ದಾಟಬಾರದು. ಹಳ್ಳಿಗೂ ಬೆಂಗಳೂರಿಗೂ ಒಂದೇ ಗೆರೆ. ಹನ್ನೆರಡು ತಿಂಗಳಿಗೆ ಭಾಗಿಸಿದ್ರೆ ತಿಂಗಳಿಗೆ ಹತ್ತು ಸಾವಿರ, ಮನೇಲಿ ನಾಲ್ಕು ಜನ ಅಂದ್ರೆ ತಲೆಗೆ ಎರಡೂವರೆ ಸಾವಿರ, ದಿನಕ್ಕೆ 83 ರೂಪಾಯಿ. ಇದರಲ್ಲೇ ಬಾಡಿಗೆ, ಗ್ಯಾಸು, ಬಸ್ಸು, ಮಕ್ಕಳ ಸ್ಕೂಲು ಎಲ್ಲ ಬರಬೇಕು. ಇನ್ನೊಂದು ಕಡೆ ಇದೇ ಸರ್ಕಾರದ ಕಾರ್ಮಿಕ ಇಲಾಖೆ ಕನಿಷ್ಠ ವೇತನ ಅಂತ ಆದೇಶ ಹೊರಡಿಸುತ್ತೆ, ಬೆಂಗಳೂರಲ್ಲಿ ಆ ಕನಿಷ್ಠ ವೇತನವೇ ತಿಂಗಳಿಗೆ ಹತ್ತು ಸಾವಿರ ದಾಟಿ ಎಷ್ಟೋ ಕಾಲ ಆಯ್ತು. ಅಂದ್ರೆ ಮಾಲೀಕ ಕಾನೂನು ಪ್ರಕಾರ ಸಂಬಳ ಕೊಟ್ರೆ, ಮನೇಲಿ ಒಬ್ಬರೇ ದುಡಿದ್ರೂ ಆ ಕುಟುಂಬ ಬಿಪಿಎಲ್‌ನಿಂದ ಆಚೆ. ಒಂದು ಇಲಾಖೆ "ಇದಕ್ಕಿಂತ ಕಮ್ಮಿ ಕೊಟ್ರೆ ಬದುಕೋಕಾಗಲ್ಲ" ಅಂತ ಹೇಳೋ ಮೊತ್ತನ ಇನ್ನೊಂದು ಇಲಾಖೆ "ಇಷ್ಟಿದ್ರೆ ನೀನು ಬಡವನಲ್ಲ" ಅಂತ ಹೇಳ್ತಿದೆ. ರೇಷನ್ ಕಾರ್ಡ್ ಬಗ್ಗೆ ನಾವು ಎಷ್ಟು ಮಾತಾಡಿದ್ರೂ, ರದ್ದತಿ, ಅನರ್ಹರು, ಸರ್ವರ್ ಅಂತ ಏನೇ ಜಗಳ ಆಡಿದ್ರೂ, ಬೆಂಗಳೂರಿನ ಮಟ್ಟಿಗೆ ಮೂಲ ಗಂಟು ಇರೋದು ಇಲ್ಲೇ ಅಂತ ನನಗೆ ಖಚಿತ ಆಗಿದೆ.

ಇದರಿಂದ ಏನಾಗುತ್ತೆ ನೋಡಿ. ಸ್ಲಿಪ್ ಇಲ್ಲದ ಕೆಲಸದೋರು, ಕೈಗೆ ದುಡ್ಡು ತಗೊಳ್ಳೋರು, ನಾಡಕಚೇರಿಲಿ ಆದಾಯ ಎಷ್ಟು ಅಂತ ಕೇಳಿದ್ರೆ ಬಾಯಲ್ಲಿ ಒಂದು ಅಂಕಿ ಹೇಳ್ತಾರೆ, ಸರ್ಟಿಫಿಕೇಟಲ್ಲಿ ಲಕ್ಷದ ಒಳಗೆ ಬರುತ್ತೆ, ಕಾರ್ಡ್ ಆಗುತ್ತೆ. ಬ್ಯಾಂಕಿಗೆ ಸಂಬಳ ಬೀಳೋರು, ಪಿಎಫ್ ಕಟ್ ಆಗೋರು, ನಿಜ ಹೇಳೋರು ಸಿಕ್ಕಿಬೀಳ್ತಾರೆ. ಹೌಸ್‌ಕೀಪಿಂಗ್ ಏಜೆನ್ಸಿಲಿ, ಸೆಕ್ಯೂರಿಟಿಲಿ, ಗಾರ್ಮೆಂಟ್ಸಲ್ಲಿ ಇರೋರು ಬಡವರಲ್ಲಿ ಸ್ವಲ್ಪ ಲೆಕ್ಕ ಇಟ್ಟಿರೋ ಬಡವರು ಅಷ್ಟೇ, ಅವರಿಗೇ ಏಟು. ಹಾಗಂತ ಕಮ್ಮಿ ಆದಾಯ ಬರೆಸಿದೋರನ್ನ ಕಳ್ಳರು ಅನ್ನೋಕೆ ನನಗೆ ಬಾಯಿ ಬರಲ್ಲ, ಗೆರೆನೇ ಅಷ್ಟು ಕೆಳಗೆ ಎಳೆದಿದ್ರೆ ಜನ ಬಗ್ಗಿ ನುಸುಳ್ತಾರೆ.

ಉಳಿದ ಷರತ್ತುಗಳು ಆದಾಯದಷ್ಟು ಗೊಂದಲದ್ದಲ್ಲ. ಮನೇಲಿ ಸರ್ಕಾರಿ ಅಥವಾ ನಿಗಮ ಮಂಡಳಿಯ ಖಾಯಂ ನೌಕರರು ಇರಬಾರದು, ಇನ್ಕಮ್ ಟ್ಯಾಕ್ಸ್, ಜಿಎಸ್‌ಟಿ ಕಟ್ಟೋರು ಇರಬಾರದು, ಸಿಟಿಲಿ ಸಾವಿರ ಚದರ ಅಡಿಗಿಂತ ದೊಡ್ಡ ಸ್ವಂತ ಪಕ್ಕಾ ಮನೆ ಇರಬಾರದು, ಊರಲ್ಲಿ ಮೂರು ಹೆಕ್ಟೇರ್‌ಗಿಂತ ಜಾಸ್ತಿ ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು ಇರಬಾರದು, ಸ್ವಂತಕ್ಕೆ ಓಡಿಸೋ ವೈಟ್‌ಬೋರ್ಡ್ ಕಾರ್ ಇರಬಾರದು. ಹೊಟ್ಟೆಪಾಡಿಗೆ ಓಡಿಸೋ ಒಂದು ಯೆಲ್ಲೋಬೋರ್ಡ್ ಟ್ಯಾಕ್ಸಿ, ಆಟೋ, ಟ್ರಾಕ್ಟರ್ ಇದ್ರೆ ತೊಂದರೆ ಇಲ್ಲ. ಸ್ಕೂಟರ್ ಇದ್ರೆ ಕಾರ್ಡ್ ಹೋಗುತ್ತೆ ಅಂತ ಹೆದ್ರಿಸೋರ ಮಾತು ಕೇಳಬೇಡಿ.

ಇನ್ನೂ ಒಂದು ತಪ್ಪು ತಿಳುವಳಿಕೆ ಇದೆ. ಗೃಹಲಕ್ಷ್ಮಿ ಎರಡು ಸಾವಿರಕ್ಕೆ ಬಿಪಿಎಲ್ಲೇ ಬೇಕು ಅಂತ ತುಂಬಾ ಜನ ಅನ್ಕೊಂಡಿದ್ದಾರೆ. ಹಾಗಿಲ್ಲ, ಎಪಿಎಲ್ ಕಾರ್ಡಲ್ಲಿ ಯಜಮಾನಿ ಅಂತ ಹೆಸರಿರೋರಿಗೂ ಬರುತ್ತೆ, ಅವರೋ ಗಂಡನೋ ಟ್ಯಾಕ್ಸ್ ಕಟ್ಟೋರಾಗಿರಬಾರದು ಅಷ್ಟೇ. ಬಿಪಿಎಲ್‌ಗೆ ನಿಜವಾದ ಬೆಲೆ ಬರೋದು ಎರಡು ಕಡೆ. ಒಂದು ಅಕ್ಕಿ. ಇನ್ನೊಂದು ಆಸ್ಪತ್ರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಎಪಿಎಲ್‌ನೋರಿಗೆ ಪ್ಯಾಕೇಜ್ ರೇಟಿನ ಶೇ 30 ಮಾತ್ರ ಸರ್ಕಾರ ಕೊಡುತ್ತೆ, ಅದೂ ವರ್ಷಕ್ಕೆ 1.5 ಲಕ್ಷದ ಒಳಗೆ. ಮಿಕ್ಕ ಶೇ 70 ನಾವೇ ಕಟ್ಟಬೇಕು. ನಮ್ಮ ಬೀದಿ ಅಕ್ಕನಿಗೆ ಬೇಕಾಗಿದ್ದು ಅಕ್ಕಿ ಅಲ್ಲ, ಈ ಶೇ 70. ಹೊಟ್ಟೆಗೆ ಅಂತ ಮಾಡಿದ ಕಾರ್ಡನ್ನ ಆಸ್ಪತ್ರೆಗೂ ಬಾಗಿಲು ಮಾಡಿಟ್ಟಿರೋದ್ರಿಂದ ಜನ ಕಾರ್ಡ್‌ಗಾಗಿ ಇಷ್ಟು ಒದ್ದಾಡ್ತಾರೆ. ಸರ್ಕಾರದೋರು "ಅಕ್ಕಿ ತಗೊಳ್ಳದವರಿಗೂ ಯಾಕೆ ಬಿಪಿಎಲ್" ಅಂತ ಕೇಳಿದಾಗ ಈ ಮಾತು ಯಾರೂ ಹೇಳಲ್ಲ.

ಅಕ್ಕಿ ವಿಷಯಕ್ಕೆ ಬರೋಣ. ಇದರಲ್ಲಿ ಎರಡು ಪಾಲಿದೆ, ಅದು ಗೊತ್ತಿದ್ರೆ ಅರ್ಧ ಗೊಂದಲ ಹೋಗುತ್ತೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆಜಿ ಧಾನ್ಯ ಹಕ್ಕು, ತೀರಾ ಬಡವರಿಗೆ ಕೊಡೋ ಅಂತ್ಯೋದಯ ಕಾರ್ಡ್‌ಗೆ ತಲೆ ಎಷ್ಟೇ ಇರಲಿ ಕಾರ್ಡಿಗೆ 35 ಕೆಜಿ. ಇದು ಕೇಂದ್ರದ ಪಾಲು, 2023ರ ಜನವರಿಯಿಂದ ಪೂರ್ತಿ ಉಚಿತ. ಅದರ ಮೇಲೆ ಕೊಡೋದು ರಾಜ್ಯದ ಅನ್ನಭಾಗ್ಯ. 2023ರಲ್ಲಿ ಹೊಸ ಸರ್ಕಾರ ಬಂದು ಇನ್ನೂ 5 ಕೆಜಿ ಕೊಡ್ತೀವಿ ಅಂದಾಗ ಕೇಂದ್ರದಿಂದ ಅಕ್ಕಿ ಸಿಗಲಿಲ್ಲ, ಅದಕ್ಕೆ ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಯಜಮಾನಿ ಅಕೌಂಟ್‌ಗೆ ಹಾಕಿದ್ರು, 2025ರಲ್ಲಿ ದುಡ್ಡು ನಿಲ್ಲಿಸಿ ಮತ್ತೆ ಅಕ್ಕಿ ಶುರು ಮಾಡಿದ್ರು, ಅದೇ ವರ್ಷ ಅಕ್ಟೋಬರಲ್ಲಿ ಆ ಹೆಚ್ಚುವರಿ ಅಕ್ಕಿ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರೋ ಇಂದಿರಾ ಕಿಟ್ ಕೊಡೋಕೆ ಸಂಪುಟ ಒಪ್ಪಿಗೆ ಕೊಡ್ತು. ಕಿಟ್ ವಿಚಾರ ನನಗೆ ಇಷ್ಟ ಆಯ್ತು. ನಾಲ್ಕು ಜನದ ಮನೆಗೆ ನಲವತ್ತು ಕೆಜಿ ಅಕ್ಕಿ ಬಂದ್ರೆ ಅದರಲ್ಲಿ ಸ್ವಲ್ಪ ಮಾರ್ಕೊಂಡು ಬೇಳೆ ತಗೊಳ್ಳೋರಿದ್ದಾರೆ, ಅದು ಅವರ ತಪ್ಪಲ್ಲ, ಸಾರಿಗೆ ಬೇಳೆ ಬೇಕೇ ಬೇಕಲ್ವಾ. ನಮ್ಮ ಕಡೆ ರಾಗಿ ಕೊಟ್ಟ ತಿಂಗಳು ಸೊಸೈಟಿ ಮುಂದೆ ಅಜ್ಜಿಯಂದಿರ ಮುಖ ನೋಡಿದ್ರೆ ಗೊತ್ತಾಗುತ್ತೆ ಜನಕ್ಕೆ ಏನು ಬೇಕು ಅಂತ.

ಹಾಗಾದ್ರೆ ಆದಾಯದ ಗೆರೆ ಮೇಲೆ ಎತ್ತೋಕೆ ಏನು ಕಷ್ಟ? ಇಲ್ಲಿ ಕೇಂದ್ರದ ಒಂದು ಬೀಗ ಇದೆ. ಕಾಯ್ದೆ ಪ್ರಕಾರ ದೇಶದ ಹಳ್ಳಿ ಜನರಲ್ಲಿ ಶೇ 75, ಪಟ್ಟಣದ ಜನರಲ್ಲಿ ಶೇ 50 ರಷ್ಟು ಮಂದಿಗೆ ಮಾತ್ರ ಕೇಂದ್ರ ಧಾನ್ಯ ಕೊಡುತ್ತೆ, ಆ ಜನಸಂಖ್ಯೆ 2011ರ ಜನಗಣತಿದು. ಕರ್ನಾಟಕದ ಪಾಲಿಗೆ ಸುಮಾರು 4 ಕೋಟಿ ಜನ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲೇ ಇಲ್ಲ, ಮುಂದಿನದು 2027ಕ್ಕೆ ಹೋಗಿದೆ. 2011ರಲ್ಲಿ ಬೆಂಗಳೂರು ನಗರ ಜಿಲ್ಲೆ ಜನಸಂಖ್ಯೆ 96 ಲಕ್ಷ ಇತ್ತು, ಆಮೇಲೆ ಈ ಊರು ಎಲ್ಲಿಂದ ಎಲ್ಲಿಗೆ ಬೆಳೀತು ಅಂತ ಹೆಸರಘಟ್ಟ ರೋಡಲ್ಲೋ ಸರ್ಜಾಪುರ ರೋಡಲ್ಲೋ ಒಂದು ಸಲ ಹೋಗಿ ಬಂದ್ರೆ ಸಾಕು. ಬಂದ ಆ ಜನಕ್ಕೆ ಕೇಂದ್ರದ ಲೆಕ್ಕದಲ್ಲಿ ಜಾಗವೇ ಇಲ್ಲ. ಮಿತಿ ಮೀರಿ ಕಾರ್ಡ್ ಕೊಟ್ರೆ ಆ ಅಕ್ಕಿ ಖರ್ಚು ರಾಜ್ಯದ ತಲೆ ಮೇಲೆ ಬೀಳುತ್ತೆ. ಹಾಗಾಗಿ ಗೆರೆ ಎತ್ತೋ ಮಾತು ಬಂದಾಗೆಲ್ಲ ಹಣಕಾಸಿನ ಕಡೆಯಿಂದ ಬ್ರೇಕ್ ಬೀಳುತ್ತೆ, ಗೆರೆ ಕೆಳಗೇ ಇದ್ರೆ ಬೇಕಾದಾಗ ಕಾರ್ಡ್ ತೆಗೆಯೋಕೆ ಕಾರಣನೂ ಸಿಗುತ್ತೆ, ಹೀಗಂತ ನನ್ನ ಅನಿಸಿಕೆ.

2024ರ ನವೆಂಬರಲ್ಲಿ ಆಗಿದ್ದು ನೆನಪಿದೆಯಲ್ಲ. ಅನರ್ಹರ ಕಾರ್ಡ್ ತೆಗೀತೀವಿ ಅಂತ ಶುರು ಮಾಡಿದ್ದು, ಜನಕ್ಕೆ ಅಂಗಡಿಗೆ ಹೋಗಿ ಹೆಬ್ಬೆಟ್ಟು ಇಟ್ಟಾಗಲೇ ಗೊತ್ತಾಗಿದ್ದು ಕಾರ್ಡ್ ಇಲ್ಲ ಅಂತ. ಯಾವತ್ತೋ ಲೋನ್‌ಗೆ ಅಂತ ಐಟಿ ರಿಟರ್ನ್ ಹಾಕಿದೋರ ಹೆಸರೂ ಪಟ್ಟಿಗೆ ಸೇರಿತ್ತು, ಟ್ಯಾಕ್ಸ್ ಒಂದು ರೂಪಾಯಿ ಕಟ್ಟದೇ ಇದ್ರೂ. ಗಲಾಟೆ ಜೋರಾದ ಮೇಲೆ ಸರ್ಕಾರಿ ನೌಕರರು, ಟ್ಯಾಕ್ಸ್ ಕಟ್ಟೋರನ್ನ ಬಿಟ್ಟು ಉಳಿದೋರ ಕಾರ್ಡ್ ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಬೇಕಾಯ್ತು. ಕಾರ್ಡ್ ದುರುಪಯೋಗ ಆಗ್ತಿಲ್ಲ ಅಂತ ನಾನು ಹೇಳಲ್ಲ, ಮೂರು ಮಹಡಿ ಬಾಡಿಗೆ ಬಿಟ್ಟಿರೋ ಮನೇಲೂ ಬಿಪಿಎಲ್ ಕಾರ್ಡ್ ಇರೋದು ನಮ್ಮ ಏರಿಯಾಲೇ ಗೊತ್ತು. ಆದ್ರೆ ಅವರನ್ನ ಹಿಡಿಯೋಕೆ ಮನೆ ಬಾಗಿಲಿಗೆ ಹೋಗಿ ನೋಡಬೇಕು, ಕಂಪ್ಯೂಟರಲ್ಲಿ ಪಟ್ಟಿಗೆ ಪಟ್ಟಿ ತಾಳೆ ಹಾಕಿದ್ರೆ ಸಿಗೋದು ಸ್ಲಿಪ್ ಇರೋ ಬಡವರು ಮಾತ್ರ.

ಈಗ ಅರ್ಜಿ ಹಾಕೋ ವಿಚಾರ, ನಾಲ್ಕೈದು ಮನೆಯವರ ಜೊತೆ ಓಡಾಡಿ ಕಲಿತಿದ್ದು ಹೇಳ್ತೀನಿ. ಹೊಸ ಬಿಪಿಎಲ್ ಅರ್ಜಿ ವರ್ಷಪೂರ್ತಿ ತೆಗೆದಿರಲ್ಲ. ಆಹಾರ ಇಲಾಖೆ ಆಗಾಗ ಬಿಡುತ್ತೆ, ಕೆಲವು ಸಲ ದಿನಕ್ಕೆ ಕೆಲವೇ ಗಂಟೆ, ಅಷ್ಟರಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿ ಸರ್ವರ್ ಮಲಗುತ್ತೆ. ಅದಕ್ಕೆ ಅರ್ಜಿ ಬಿಟ್ಟಾಗ ಪೇಪರ್ ರೆಡಿ ಮಾಡ್ಕೊಳ್ಳೋಣ ಅಂದ್ರೆ ಆಗಲ್ಲ, ಮೊದಲೇ ಇಟ್ಕೊಂಡಿರಬೇಕು. ಮುಖ್ಯವಾಗಿ ಜಾತಿ ಆದಾಯ ಪ್ರಮಾಣಪತ್ರ, ಅದರ ಮೇಲಿರೋ ಆರ್‌ಡಿ ನಂಬರ್ ಹೊಡೆದ್ರೇನೇ ಅರ್ಜಿ ಮುಂದೆ ಹೋಗೋದು. ಆದಾಯದ್ದಕ್ಕೆ ಐದು ವರ್ಷ ಆಯಸ್ಸು, ಅವಧಿ ಮುಗಿದಿದೆಯಾ ನೋಡ್ಕೊಳ್ಳಿ, ಮುಗಿದಿದ್ರೆ ನಾಡಕಚೇರಿಲೋ ಬೆಂಗಳೂರು ಒನ್‌ನಲ್ಲೋ ಈಗಲೇ ಹಾಕಿ. ಆಮೇಲೆ ಎಲ್ಲರ ಆಧಾರ್. ಇಲ್ಲೇ ಜಾಸ್ತಿ ಜನ ಎಡವೋದು. ಆಧಾರ್‌ಗೆ ಫೋನ್ ನಂಬರ್ ಲಿಂಕ್ ಇರಬೇಕು, ಹೆಸರು ಇನ್ಕಮ್ ಸರ್ಟಿಫಿಕೇಟಲ್ಲಿ ಒಂದು, ಆಧಾರಲ್ಲಿ ಇನ್ನೊಂದು ಇರಬಾರದು, ಮಕ್ಕಳಿಗೆ ಐದು ವರ್ಷ ತುಂಬಿದಾಗ ಒಂದು ಸಲ, ಹದಿನೈದು ತುಂಬಿದಾಗ ಇನ್ನೊಂದು ಸಲ ಬೆರಳಚ್ಚು ಅಪ್‌ಡೇಟ್ ಮಾಡಿಸಿರಬೇಕು. ಚಿಕ್ಕ ಮಕ್ಕಳಿಗೆ ಜನನ ಪ್ರಮಾಣಪತ್ರ ಇಟ್ಕೊಳ್ಳಿ.

ಕಾರ್ಡ್ ಸಾಮಾನ್ಯವಾಗಿ ಮನೆಯ ಹಿರಿಯ ಹೆಂಗಸಿನ ಹೆಸರಲ್ಲೇ ಆಗೋದು, ಹದಿನೆಂಟು ತುಂಬಿದವರು, ಅದು ಕಾಯ್ದೆಯಲ್ಲೇ ಇದೆ. ಅತ್ತೆ ಹೆಸರಲ್ಲಿ ಕಾರ್ಡ್ ಇದ್ದು ಸೊಸೆ ಬೇರೆ ಮನೆ ಮಾಡಿದ್ರೆ, ಮೊದಲು ಹಳೇ ಕಾರ್ಡಿಂದ ಹೆಸರು ತೆಗೆಸ್ಬೇಕು, ಆಮೇಲೆ ಹೊಸದು. ಇದನ್ನ ತುಂಬಾ ಯೋಚನೆ ಮಾಡಿ ಮಾಡಿ. ಯಾಕಂದ್ರೆ ತೆಗೆಸೋದು ಬೇಗ ಆಗುತ್ತೆ, ಹೊಸದು ಯಾವಾಗ ಆಗುತ್ತೆ ಅನ್ನೋದಕ್ಕೆ ದಿಕ್ಕಿರಲ್ಲ, ನಡುವೆ ಅವರು ಯಾವ ಕಾರ್ಡಲ್ಲೂ ಇಲ್ಲ. ಮದುವೆಯಾಗಿ ಮಂಡ್ಯದಿಂದ ಬಂದ ಒಂದು ಹುಡುಗಿ ಹೀಗೇ ತವರು ಕಾರ್ಡಿಂದ ಹೆಸರು ತೆಗೆಸಿ, ಗಂಡನ ಮನೆ ಕಾರ್ಡ್‌ಗೆ ಸೇರ್ಸೋಕೆ ತಿದ್ದುಪಡಿ ಓಪನ್ ಇಲ್ಲ ಅಂತ ತಿಂಗಳುಗಟ್ಟಲೆ ಕಾದಳು, ಅಷ್ಟರಲ್ಲಿ ಹೆರಿಗೆನೂ ಆಯ್ತು.

ಊರಲ್ಲಿ ಕಾರ್ಡ್ ಇದ್ದು ಬೆಂಗಳೂರಲ್ಲಿ ಕೆಲಸ ಮಾಡೋರು ಕಾರ್ಡನ್ನ ಇಲ್ಲಿಗೆ ಬದಲಾಯಿಸಲೇಬೇಕು ಅಂತಿಲ್ಲ. ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಲಾದ್ರೂ ಹೆಬ್ಬೆಟ್ಟು ಕೊಟ್ಟು ರೇಷನ್ ತಗೋಬಹುದು, ಪೋರ್ಟಬಿಲಿಟಿ ಅಂತಾರೆ. ಅಂಗಡಿಯವರು "ನಿಮ್ಮ ಕಾರ್ಡ್ ನಮ್ಮದಲ್ಲ, ಸ್ಟಾಕ್ ಇಲ್ಲ" ಅಂದ್ರೆ 1967 ನಂಬರ್‌ಗೆ ಫೋನ್ ಮಾಡಿ ಹೇಳಿ. ಬೇರೆ ರಾಜ್ಯದಿಂದ ಬಂದ ಕಟ್ಟಡ ಕೆಲಸದೋರಿಗೂ ಒಂದು ದೇಶ ಒಂದು ಪಡಿತರ ಚೀಟಿ ಅಡಿ ಕೇಂದ್ರದ 5 ಕೆಜಿ ಇಲ್ಲೇ ಸಿಗುತ್ತೆ, ರಾಜ್ಯದ ಹೆಚ್ಚುವರಿ ಪಾಲು ಮಾತ್ರ ಸಿಗಲ್ಲ. ಕಾರ್ಡೇ ಇಲ್ಲದ ಕಾರ್ಮಿಕರಿಗೆ ಇ-ಶ್ರಮ್, ಅಂದ್ರೆ ಅಸಂಘಟಿತ ಕಾರ್ಮಿಕರ ಹೆಸರು ಬರೆಸೋ ಕೇಂದ್ರದ ಪಟ್ಟಿ, ಅದರ ನೋಂದಣಿ ತುಂಬಾ ಉಪಯೋಗ. ವಲಸೆ ಕಾರ್ಮಿಕರ ಕೇಸಲ್ಲಿ ಸುಪ್ರೀಂ ಕೋರ್ಟ್ 2023, 2024ರಲ್ಲಿ ಇ-ಶ್ರಮ್‌ನಲ್ಲಿ ಹೆಸರಿದ್ದೂ ರೇಷನ್ ಕಾರ್ಡ್ ಇಲ್ಲದ ಸುಮಾರು 8 ಕೋಟಿ ಜನಕ್ಕೆ ಕಾರ್ಡ್ ಕೊಡಿ, ಆಹಾರ ಕಾಯ್ದೆಯ ಸಂಖ್ಯೆ ಮಿತಿ ನೆಪ ಹೇಳಬೇಡಿ ಅಂತ ರಾಜ್ಯಗಳಿಗೆ ಆದೇಶ ಮಾಡಿದೆ. ಹಾಗಾಗಿ ಮನೆಗೆಲಸದೋರು, ಬೀದಿ ವ್ಯಾಪಾರಿಗಳು ಅರ್ಜಿಗೆ ಹೋಗೋ ಮುಂಚೆ ಇ-ಶ್ರಮ್ ಮಾಡಿಸ್ಕೊಂಡಿರಲಿ.

ಅರ್ಜಿ ಬೆಂಗಳೂರು ಒನ್, ಕರ್ನಾಟಕ ಒನ್‌ಗಳಲ್ಲಿ ಹಾಕಬಹುದು. ಬ್ರೋಕರ್‌ಗಳು ಎರಡು ಮೂರು ಸಾವಿರ ಕೊಡಿ, ಒಂದೇ ವಾರದಲ್ಲಿ ಮಾಡಿಸ್ತೀನಿ ಅಂತಾರೆ, ಕೊಡಬೇಡಿ, ಅವರೂ ಅದೇ ಸರ್ವರ್ ಮುಂದೆ ಕೂರೋದು. ಅರ್ಜಿ ಆದ ಮೇಲೆ ಬರೋ ಅಕ್ನಾಲೆಡ್ಜ್‌ಮೆಂಟ್ ನಂಬರ್ ಫೋಟೋ ತೆಗೆದಿಟ್ಕೊಳ್ಳಿ. ಆಮೇಲೆ ಫುಡ್ ಇನ್ಸ್‌ಪೆಕ್ಟರ್ ಪರಿಶೀಲನೆ, ಮನೆಗೂ ಬರಬಹುದು, ಬಂದಾಗ ಬೀಗ ಹಾಕಿದ್ರೆ ರಿಪೋರ್ಟ್ ಅಲ್ಲೇ ನಿಲ್ಲುತ್ತೆ. ಗಾರ್ಮೆಂಟ್ಸ್‌ನೋರು ಬೆಳಿಗ್ಗೆ ಎಂಟಕ್ಕೆ ಹೋಗಿ ರಾತ್ರಿ ಏಳಕ್ಕೆ ಬರ್ತಾರೆ, ಆ ಹೊತ್ತಲ್ಲಿ ಯಾರು ಬಾಗಿಲು ತೆಗೀಬೇಕು? ಪಕ್ಕದ ಮನೆಯವರಿಗೆ ಹೇಳಿಟ್ಟು ಫೋನ್ ನಂಬರ್ ಕೊಟ್ಟಿರಿ.

ಕಾರ್ಡ್ ಇರೋರಿಗೂ ನೆಮ್ಮದಿ ಇಲ್ಲ. ಕಾರ್ಡಲ್ಲಿರೋ ಎಲ್ಲರ ಇ-ಕೆವೈಸಿ, ಅಂದ್ರೆ ಆಧಾರ್ ಜೊತೆ ಗುರುತು ತಾಳೆ ನೋಡೋದು, ಆಗಿರಬೇಕು, ಅದನ್ನ ಯಾವ ರೇಷನ್ ಅಂಗಡಿಲಾದ್ರೂ ಮಾಡಿಸ್ಬಹುದು. 2025ರ ಜುಲೈಲಿ ಕೇಂದ್ರ ಪಡಿತರ ನಿಯಮ ತಿದ್ದಿದೆ, ಅದರ ಪ್ರಕಾರ ಐದು ವರ್ಷಕ್ಕೊಮ್ಮೆ ಕೆವೈಸಿ ಕಡ್ಡಾಯ, ಆರು ತಿಂಗಳು ರೇಷನ್ ತಗೊಳ್ಳದೇ ಇದ್ರೆ ಕಾರ್ಡ್ ತಾತ್ಕಾಲಿಕವಾಗಿ ನಿಲ್ಲಿಸಿ ಮೂರು ತಿಂಗಳಲ್ಲಿ ಪರಿಶೀಲನೆ ಮಾಡ್ತಾರೆ. "ಸೊಸೈಟಿ ಅಕ್ಕಿ ನಮಗೆ ಸೇರಲ್ಲ, ಆಸ್ಪತ್ರೆಗಿರಲಿ ಅಂತ ಕಾರ್ಡ್ ಇಟ್ಕೊಂಡಿದೀವಿ" ಅನ್ನೋರು ಇದನ್ನ ಗಮನಿಸಿ. ಅದೇ ತಿದ್ದುಪಡೀಲಿ ಹೊಸ ಕಾರ್ಡ್‌ಗೆ ಮೊದಲು ಬಂದವರಿಗೆ ಮೊದಲು ಅನ್ನೋ ಹಾಗೆ ಕಾಯುವವರ ಪಟ್ಟಿ ಎಲ್ಲರಿಗೂ ಕಾಣೋ ಹಾಗಿಡಬೇಕು ಅಂತಲೂ ಇದೆ. ಅದನ್ನ ನಮ್ಮ ರಾಜ್ಯ ನೆಟ್ಟಗೆ ಮಾಡಿದ್ರೆ ಬ್ರೋಕರ್‌ಗಳ ಅರ್ಧ ಅಂಗಡಿ ಮುಚ್ಚುತ್ತೆ.

ಹೆಬ್ಬೆಟ್ಟಿನ ಕಷ್ಟ ನೋಡಿದೋರಿಗೇ ಗೊತ್ತು. ನಾನು ಒಂದು ಸಲ ಸೊಸೈಟಿ ಸಾಲಲ್ಲಿ ನಿಂತಿದ್ದಾಗ ಮುಂದೆ ಪಾತ್ರೆ ತೊಳೆಯೋ ಕೆಲಸದ ಅಮ್ಮ ಒಬ್ರು, ಹೆಬ್ಬೆಟ್ಟು ಇಟ್ರೆ ಮೆಷಿನ್ ಒಪ್ಪಲ್ಲ, ಸೀರೆ ಸೆರಗಿಗೆ ಒರೆಸಿ ಇಟ್ರು, ತಲೆಗೆ ಹಚ್ಚಿದ್ದ ಎಣ್ಣೆ ಬೆರಳಿಗೆ ಸವರಿ ಇಟ್ರು, ತೋರುಬೆರಳು ಇಟ್ರು, ಆರನೇ ಸಲಕ್ಕೂ ಕೆಂಪು ಲೈಟೇ. ಸೋಪಿನ ನೀರಲ್ಲಿ ಮೂವತ್ತು ವರ್ಷ ಸವೆದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು. "ನಾಳೆ ಬಾರಮ್ಮ" ಅಂದ್ರು. ನಾಳೆ ಬಂದ್ರೆ ಒಂದು ಮನೆ ಕೆಲಸ ತಪ್ಪುತ್ತೆ. ಬೆರಳು ಕೂರದೇ ಇದ್ರೆ ಓಟಿಪಿಲಿ ಆಗುತ್ತಾ ಕೇಳಿ, ಕೆವೈಸಿ ಆದ್ರೆ ಮುಖ ತೋರಿಸಿ ಮಾಡೋಕಾಗುತ್ತಾ ಅಂತಲೂ ಕೇಳಿ. ಸುಮ್ಮನೆ ವಾಪಸ್ ಬರಬೇಡಿ.

ಕಾರ್ಡ್ ತಪ್ಪಾಗಿ ರದ್ದಾಗಿದ್ರೆ, ಎಪಿಎಲ್‌ಗೆ ಹಾಕಿದ್ರೆ, ಬಾಯಲ್ಲಿ ಕೇಳಿ ಬಿಡಬೇಡಿ, ಕಾರಣ ಏನು ಅಂತ ಬರವಣಿಗೆಲಿ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಐಟಿ ರಿಟರ್ನ್ ಕಾರಣ ಆದ್ರೆ ಟ್ಯಾಕ್ಸ್ ಸೊನ್ನೆ ಅಂತ ತೋರಿಸೋ ಕಾಪಿ ಲಗತ್ತಿಸಿ. ಅಲ್ಲಿ ಆಗದೇ ಇದ್ರೆ ಕಾಯ್ದೆ ಪ್ರಕಾರ ಜಿಲ್ಲಾ ಕುಂದುಕೊರತೆ ಅಧಿಕಾರಿ ಇದ್ದಾರೆ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇದೆ. ಆಯೋಗ ಅನ್ನೋದು ಒಂದಿದೆ ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ, ಅಂಗನವಾಡಿ, ಬಿಸಿಯೂಟದ ದೂರುಗಳನ್ನೂ ಅಲ್ಲಿಗೆ ಕೊಡಬಹುದು.

ನನ್ನ ಪ್ರಕಾರ ಸರ್ಕಾರ ಮಾಡಬೇಕಾದ್ದು ಎರಡು. ಆದಾಯದ ಗೆರೆನ ಆಯಾ ಊರಿನ ಕನಿಷ್ಠ ವೇತನಕ್ಕೆ ಕಟ್ಟಿಬಿಡಲಿ, ವೇತನ ಏರಿದ ಹಾಗೆ ಅದೂ ಏರಲಿ, ಮನೇಲಿ ತಿನ್ನೋ ಬಾಯಿ ಎಷ್ಟು ಅಂತಲೂ ನೋಡಲಿ. ಇಬ್ಬರಿರೋ ಮನೆಗೂ ಆರು ಜನರ ಮನೆಗೂ ಒಂದೇ 1.20 ಲಕ್ಷ ಅನ್ನೋದು ಯಾವ ನ್ಯಾಯ? ಇನ್ನೊಂದು, ಆಸ್ಪತ್ರೆ ಸೌಲಭ್ಯನ ಅಕ್ಕಿ ಕಾರ್ಡಿಂದ ಬಿಡಿಸಲಿ. ಕಾಲು ಮುರಿದಾಗ ಮನೆ ಆದಾಯ ನಿಂತೇ ಹೋಗಿರುತ್ತೆ, ಅವತ್ತು ಹಿಂದಿನ ವರ್ಷದ ಆದಾಯದ ಪತ್ರ ಕೇಳಿದ್ರೆ ಏನು ಹೇಳ್ಬೇಕು ಆ ಮನೆಯವರು.

ಆ ಅಕ್ಕ ಕೊನೆಗೆ ಒಂದೇ ಮಾತು ಕೇಳಿದ್ರು, "ಅಣ್ಣ, ಈ ಸ್ಲಿಪ್ ತೋರಿಸ್ಲಾ ಬೇಡ್ವಾ?" ಬೇಡ ಅನ್ನೋಕೆ ನನಗೆ ಮನಸ್ಸಾಗಲಿಲ್ಲ, ಹೌದು ಅನ್ನೋಕೆ ಧೈರ್ಯನೂ ಬರಲಿಲ್ಲ. ಅವರೇ ಯೋಚಿಸಿ ಮಾರನೇ ಶನಿವಾರ ಅರ್ಧ ದಿನ ರಜ ಹಾಕಿ, ನಾಡಕಚೇರಿಲಿ ಇದ್ದ ಸಂಬಳನೇ ಬರೆಸಿ, ಯಜಮಾನ್ರಿಗೆ ಕೆಲಸ ಇಲ್ಲ ಅಂತ ಡಾಕ್ಟರ್ ಚೀಟಿ ಲಗತ್ತಿಸಿ, ಚಿಕಿತ್ಸೆ ಕಾರಣಕ್ಕೆ ಕಾರ್ಡ್ ಬದಲಾಯಿಸಿ ಕೊಡಿ ಅಂತ ಆಹಾರ ಇಲಾಖೆ ಕಚೇರಿಗೂ ಒಂದು ಅರ್ಜಿ ಕೊಟ್ರು. ಸೀಲ್ ಬಿದ್ದ ಕಾಪಿ ಅದೇ ಪ್ಲಾಸ್ಟಿಕ್ ಕವರಲ್ಲಿದೆ. ಕಾಲಿಗೆ ಹಾಕಿರೋ ರಾಡ್ ತೆಗೆಯೋಕೆ ಡಾಕ್ಟರ್ ಡೇಟ್ ಕೊಟ್ಟಾಗಿದೆ, ಅರ್ಜಿ ಮಾತ್ರ ಇನ್ನೂ ಪರಿಶೀಲನೆಲೇ ಇದೆ.